ಬೆಳಗಿನ ಜಾವದ ವಿಮಾನ: ಪೈಲಟ್ ನಿದ್ದೆಯ ಲೆಕ್ಕ ಯಾರ ಕೈಯಲ್ಲಿ?

2010ರ ಮೇ 22ರ ನಸುಕಿನಲ್ಲಿ ದುಬೈನಿಂದ ಮಂಗಳೂರಿಗೆ ಬರುತ್ತಿದ್ದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812 ವಿಮಾನದ ಕಾಕ್‌ಪಿಟ್ ಧ್ವನಿಮುದ್ರಣ ಯಂತ್ರದಲ್ಲಿ ಎರಡು ಗಂಟೆ ಐದು ನಿಮಿಷಗಳ ದಾಖಲೆ ಸಿಕ್ಕಿತು. ಅದರ ಮೊದಲ ಒಂದು ಗಂಟೆ ನಲವತ್ತು ನಿಮಿಷ ಇಬ್ಬರು ಪೈಲಟ್‌ಗಳ ನಡುವೆ ಮಾತುಕತೆಯೇ ಇಲ್ಲ. ಕ್ಯಾಪ್ಟನ್ ನಿದ್ದೆ ಹೋಗಿದ್ದರು. ಅವರ ಗೊರಕೆ, ಭಾರವಾದ ಉಸಿರು ಮುದ್ರಣದಲ್ಲಿ ಕೇಳಿಸುತ್ತದೆ. ಫಸ್ಟ್ ಆಫೀಸರ್ ಒಬ್ಬರೇ ರೇಡಿಯೊದಲ್ಲಿ ಮಾತಾಡುತ್ತ ವಿಮಾನ ನೋಡಿಕೊಳ್ಳುತ್ತಿದ್ದರು.

ಉಳಿದ ಇಪ್ಪತ್ತೈದು ನಿಮಿಷಗಳಲ್ಲಿ ಎಲ್ಲವೂ ನಡೆದುಹೋಯಿತು. ಮಂಗಳೂರಿನ ರಾಡಾರ್ ಮೇ 20ರಿಂದ ಕೆಲಸ ಮಾಡುತ್ತಿರಲಿಲ್ಲ. ಹಾಗಾಗಿ ಕೆಳಗಿಳಿಯಲು ಅನುಮತಿ ಸಿಕ್ಕಿದ್ದು ನಿಲ್ದಾಣಕ್ಕೆ ಸಾಕಷ್ಟು ಹತ್ತಿರ ಬಂದ ಮೇಲೆ. ಆಗ ಎಚ್ಚರವಾದ ಕ್ಯಾಪ್ಟನ್ ಇಳಿಯುವ ಲೆಕ್ಕಾಚಾರವನ್ನು ಸರಿಯಾಗಿ ಹಾಕಲಿಲ್ಲ. ಬಜಪೆಯ ಗುಡ್ಡದ ಮೇಲಿನ ರನ್‌ವೇ ಎದುರಿಗೆ ಬಂದಾಗ ವಿಮಾನ ಇರಬೇಕಾದುದಕ್ಕಿಂತ ಸುಮಾರು ಎರಡು ಪಟ್ಟು ಎತ್ತರದಲ್ಲಿತ್ತು. ನೆಲ ಹತ್ತಿರವಾಗುತ್ತಿದೆ ಎಂದು ಯಂತ್ರ ಮತ್ತೆ ಮತ್ತೆ ಎಚ್ಚರಿಸಿತು. ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಫಸ್ಟ್ ಆಫೀಸರ್ ಮೂರು ಸಲ ಹೇಳಿದರು. ಕ್ಯಾಪ್ಟನ್ ಕೇಳಲಿಲ್ಲ. ಸುಮಾರು 8,000 ಅಡಿಯ ರನ್‌ವೇಯಲ್ಲಿ ಚಕ್ರ ನೆಲಕ್ಕೆ ತಾಗಿದ್ದು 5,200 ಅಡಿ ದಾಟಿದ ಮೇಲೆ. ವೇಗ ತಗ್ಗಿಸಲು ಎಂಜಿನ್‌ಗಳನ್ನು ಹಿಮ್ಮುಖ ಒತ್ತಡಕ್ಕೆ ಹಾಕಿದ ಕ್ಯಾಪ್ಟನ್, ಮರುಕ್ಷಣವೇ ಮನಸ್ಸು ಬದಲಿಸಿ ಮತ್ತೆ ಹಾರಲು ನೋಡಿದರು. ರನ್‌ವೇ ಮುಗಿದಿತ್ತು. ರೆಕ್ಕೆ ಕಾಂಕ್ರೀಟ್ ಕಟ್ಟೆಗೆ ಬಡಿದು ವಿಮಾನ ಕಂದಕಕ್ಕೆ ಉರುಳಿ ಹೊತ್ತಿ ಉರಿಯಿತು. 158 ಜನ ಸತ್ತರು. ಎಂಟು ಮಂದಿ ಉಳಿದರು.

ಆ ದಿನದ ದುಃಖದ ಬಗ್ಗೆ ಕರಾವಳಿಯವರಿಗೆ ಯಾರೂ ಹೊಸದಾಗಿ ಹೇಳಬೇಕಿಲ್ಲ. ಕೂಳೂರು-ತಣ್ಣೀರುಬಾವಿಯ ಸ್ಮಾರಕ ಉದ್ಯಾನದಲ್ಲಿ ಪ್ರತಿ ಮೇ 22ರಂದು ಹೂವಿಡುವವರಿದ್ದಾರೆ. ನಾನು ಇಲ್ಲಿ ಎತ್ತಿಕೊಳ್ಳುವುದು ತನಿಖಾ ವರದಿಯ ಒಂದೇ ಒಂದು ಮಾತನ್ನು. ನಿವೃತ್ತ ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ತನಿಖಾ ನ್ಯಾಯಾಲಯ, ಅಪಘಾತಕ್ಕೆ ಪೂರಕವಾದ ಕಾರಣಗಳಲ್ಲಿ ಹೀಗೊಂದನ್ನು ದಾಖಲಿಸಿತು: ಹಾರಾಟಕ್ಕೆ ಮೊದಲು ಸಾಕಷ್ಟು ವಿಶ್ರಾಂತಿಯ ಅವಧಿ ಸಿಕ್ಕಿದ್ದರೂ ಕ್ಯಾಪ್ಟನ್ ವಿಮಾನದಲ್ಲಿ ದೀರ್ಘಕಾಲ ನಿದ್ರಿಸಿದರು; ಎದ್ದ ಮೇಲಿನ ಮಂಪರು ಅವರ ತೀರ್ಮಾನಶಕ್ತಿಯನ್ನು ಕುಂದಿಸಿರಬಹುದು; ಆ ಹೊತ್ತು ದೇಹದ ಗಡಿಯಾರ ತೀರಾ ತಗ್ಗಿರುವ ಹೊತ್ತೂ ಆಗಿತ್ತು.

‘ಸಾಕಷ್ಟು ವಿಶ್ರಾಂತಿಯ ಅವಧಿ ಸಿಕ್ಕಿದ್ದರೂ’ ಎಂಬ ಕಡೆ ನಿಲ್ಲಬೇಕು. ಅಂದರೆ ಕಾಗದದ ಮೇಲೆ ಎಲ್ಲ ಸರಿಯಿತ್ತು. ಡ್ಯೂಟಿ ಪಟ್ಟಿಯಲ್ಲಿ ಕೆಂಪು ಗೆರೆ ಎಳೆಯುವಂಥದ್ದು ಏನೂ ಇರಲಿಲ್ಲ. ಕ್ಯಾಪ್ಟನ್ ಊರಿಗೆ ಹೋಗಿ ರಜೆ ಮುಗಿಸಿ ಬಂದಿದ್ದರು. ನಿಯಮ ಅಳೆಯುವುದು ವಿಶ್ರಾಂತಿಗೆ ಬಿಟ್ಟ ಗಂಟೆಗಳನ್ನು. ಆ ಗಂಟೆಗಳಲ್ಲಿ ಕಣ್ಣು ಮುಚ್ಚಿತೇ, ಎಷ್ಟು ಹೊತ್ತು ಮುಚ್ಚಿತು, ಎದ್ದಾಗ ತಲೆ ತಿಳಿಯಾಗಿತ್ತೇ ಎಂದು ಅಳೆಯುವ ವ್ಯವಸ್ಥೆ ಅಂದು ಇರಲಿಲ್ಲ. ಇಂದಿಗೂ ಅರೆಬರೆಯಾಗಿಯೇ ಇದೆ.

ಬಾಡಿಗೆ ಕಾರು ಮಾಡಿಕೊಂಡು ರಾತ್ರಿ ತಿರುಪತಿಗೋ ಧರ್ಮಸ್ಥಳಕ್ಕೋ ಹೊರಟರೆ ನಮ್ಮಲ್ಲಿ ಒಂದು ರೂಢಿ ಇದೆ. ಮುಂದಿನ ಸೀಟಿನಲ್ಲಿ ಕೂತವರು ಮಲಗಬಾರದು. ಡ್ರೈವರ್ ಜೊತೆ ಏನಾದರೂ ಮಾತಾಡುತ್ತಿರಬೇಕು, ಎರಡು ಗಂಟೆಗೊಮ್ಮೆ ಟೀಗೆ ನಿಲ್ಲಿಸಬೇಕು. ಡ್ರೈವರ್ ಹಿಂದಿನ ರಾತ್ರಿಯೂ ಬಾಡಿಗೆಗೆ ಹೋಗಿದ್ದನೇ ಎಂದು ಮನೆಯ ಹಿರಿಯರು ಹೊರಡುವ ಮೊದಲೇ ಕೇಳುತ್ತಾರೆ. ಅದೇ ನಾವು ನೂರೈವತ್ತು ಜನರೊಂದಿಗೆ ಬೆಳಗಿನ ಜಾವದ ವಿಮಾನ ಹತ್ತಿದಾಗ ಆ ಪ್ರಶ್ನೆ ಕೇಳುವುದಿಲ್ಲ. ಕೇಳಲು ದಾರಿಯೂ ಇಲ್ಲ. ಮುಂದಿನ ಬಾಗಿಲು ಒಳಗಿನಿಂದ ಚಿಲಕ ಹಾಕಿರುತ್ತದೆ. ನಮ್ಮ ಪರವಾಗಿ ಕೇಳಬೇಕಾದದ್ದು ಡಿಜಿಸಿಎ ಎಂದು ಎಲ್ಲರಿಗೂ ಗೊತ್ತಿರುವ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ. ಅದು ಹೇಗೆ ಕೇಳುತ್ತದೆ, ಯಾವಾಗ ಕೇಳುವುದನ್ನು ನಿಲ್ಲಿಸುತ್ತದೆ ಎಂಬುದೇ ಈ ಲೇಖನದ ವಿಷಯ.

ದೇಹಕ್ಕೂ ಒಂದು ವೇಳಾಪಟ್ಟಿ

ನಿದ್ದೆಯ ವಿಜ್ಞಾನದಲ್ಲಿ ಎಲ್ಲರೂ ಒಪ್ಪುವ ಒಂದು ಚೌಕಟ್ಟನ್ನು ಸ್ವಿಸ್ ವಿಜ್ಞಾನಿ ಅಲೆಕ್ಸಾಂಡರ್ ಬೊರ್ಬೆಲಿ 1982ರಲ್ಲಿ ಕೊಟ್ಟರು. ಅದರ ಪ್ರಕಾರ ನಮ್ಮನ್ನು ಮಲಗಿಸುವ ಶಕ್ತಿಗಳು ಎರಡು. ಎದ್ದ ಗಳಿಗೆಯಿಂದ ಗಂಟೆ ಗಂಟೆಗೂ ಮೇಲೇರುತ್ತ ಹೋಗುವ ನಿದ್ದೆಯ ಒತ್ತಡ ಒಂದು. ಮಿದುಳಿನೊಳಗಿನ 24 ಗಂಟೆಯ ಗಡಿಯಾರ ಇನ್ನೊಂದು. ಮೊದಲನೆಯದನ್ನು ನಿದ್ದೆ ಮಾಡಿ ತೀರಿಸಬಹುದು. ಎರಡನೆಯದು ಯಾರ ಮಾತನ್ನೂ ಕೇಳುವುದಿಲ್ಲ. ಹಗಲೆಲ್ಲ ಮಲಗಿ ಎದ್ದವರಿಗೂ ಮುಂಜಾನೆ ನಾಲ್ಕಕ್ಕೆ ಮೈ ತಣ್ಣಗಾಗುತ್ತದೆ, ರೆಪ್ಪೆ ಭಾರವಾಗುತ್ತದೆ, ಯೋಚನೆ ನಿಧಾನವಾಗುತ್ತದೆ. ರಾತ್ರಿ ಎರಡರಿಂದ ಬೆಳಗ್ಗೆ ಆರರವರೆಗಿನ ಈ ಹೊತ್ತನ್ನು ವಿಮಾನಯಾನ ನಿಯಮಗಳೇ ಅಪಾಯದ ಅವಧಿ ಎಂದು ಗುರುತಿಸಿವೆ. ಮಂಗಳೂರಿನ ವಿಮಾನ ನೆಲಕ್ಕೆ ತಾಗಿದ್ದು 6 ಗಂಟೆ 5 ನಿಮಿಷಕ್ಕೆ. ಅಂದರೆ ಹಿಂದಿನ ಸುಮಾರು ಮೂರೂವರೆ ಗಂಟೆಯ ಹಾರಾಟವೆಲ್ಲ ಬಹುತೇಕ ಆ ಅವಧಿಯಲ್ಲೇ ನಡೆದಿತ್ತು.

ಇದರ ಮೇಲೆ ಇನ್ನೊಂದು ಕಂಟಕ. ಗಾಢ ನಿದ್ದೆಯಿಂದ ಏಕಾಏಕಿ ಎದ್ದವರ ಮಿದುಳು ಒಮ್ಮೆಗೇ ಎಚ್ಚರಗೊಳ್ಳುವುದಿಲ್ಲ. ಕಣ್ಣು ತೆರೆದಿರುತ್ತದೆ, ಮಾತೂ ಆಡುತ್ತಾರೆ, ಆದರೆ ತೂಗಿ ನೋಡಿ ತೀರ್ಮಾನಿಸುವ ಭಾಗ ಹಿಂದೆ ಬಿದ್ದಿರುತ್ತದೆ. ಹದಿನೈದು ನಿಮಿಷವೋ ಅರ್ಧ ಗಂಟೆಯೋ, ಕೆಲವೊಮ್ಮೆ ಇನ್ನೂ ಹೆಚ್ಚೋ ಈ ಸ್ಥಿತಿ ಇರುತ್ತದೆ. ಆ ಹೊತ್ತಿನಲ್ಲಿ ಮನುಷ್ಯ ಹಿಡಿದದ್ದನ್ನೇ ಹಿಡಿದುಕೊಂಡಿರುತ್ತಾನೆ. ಪಕ್ಕದವರು ಬೇಡ ಎಂದರೂ ಮೊದಲು ಎಣಿಸಿದ್ದನ್ನೇ ಮುಗಿಸಲು ಹೋಗುತ್ತಾನೆ. ಮೂರು ಸಲದ ಎಚ್ಚರಿಕೆ ಏಕೆ ಕಿವಿಗೆ ಬೀಳಲಿಲ್ಲ ಎಂಬ ಪ್ರಶ್ನೆಗೆ ಅಹಂಕಾರ ಒಂದೇ ಉತ್ತರವಲ್ಲ.

ಕುಡಿತಕ್ಕೆ ಊದುಗೊಳವೆ, ನಿದ್ದೆಗೆ ಏನು?

1997ರಲ್ಲಿ ಆಸ್ಟ್ರೇಲಿಯಾದ ಡ್ರೂ ಡಾಸನ್ ಮತ್ತು ಕ್ಯಾಥರಿನ್ ರೀಡ್ ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟ್ಟ ಸಂಶೋಧನೆ ಪ್ರಕಟಿಸಿದರು. ಒಂದೇ ಗುಂಪಿನ ಜನರಿಗೆ ಒಂದು ಸಲ ಮದ್ಯ ಕುಡಿಸಿ, ಇನ್ನೊಂದು ಸಲ ನಿದ್ದೆಗೆಡಿಸಿ, ಕೈ-ಕಣ್ಣಿನ ಹೊಂದಾಣಿಕೆಯ ಒಂದೇ ಪರೀಕ್ಷೆ ಕೊಟ್ಟರು. 17 ಗಂಟೆ ಸತತ ಎಚ್ಚರವಿದ್ದವರ ಸಾಮರ್ಥ್ಯ, ರಕ್ತದಲ್ಲಿ ಶೇ 0.05 ಮದ್ಯ ಇರುವವರ ಮಟ್ಟಕ್ಕೆ ಇಳಿದಿತ್ತು. 24 ಗಂಟೆ ಮುಟ್ಟಿದಾಗ ಅದು ಶೇ 0.10ಕ್ಕೆ ಸಮನಾಗಿತ್ತು. ಹಲವು ದೇಶಗಳಲ್ಲಿ ಕಾರು ಓಡಿಸಲೂ ಬಿಡದ ಪ್ರಮಾಣ ಅದು.

ಈಗ ನಮ್ಮ ವ್ಯವಸ್ಥೆ ನೋಡಿ. ಮದ್ಯದ ವಿಷಯದಲ್ಲಿ ಭಾರತದ ನಿಯಮ ಅತ್ಯಂತ ಕಟ್ಟುನಿಟ್ಟು. ಹಾರಾಟಕ್ಕೆ 12 ಗಂಟೆ ಮೊದಲಿನಿಂದ ಒಂದು ಹನಿ ಮುಟ್ಟುವಂತಿಲ್ಲ. ಡ್ಯೂಟಿಗೆ ಮೊದಲು ಯಂತ್ರಕ್ಕೆ ಊದಬೇಕು, ಸೊನ್ನೆ ಬರಬೇಕು. ಮೊದಲ ಸಲ ಸಿಕ್ಕಿಬಿದ್ದರೆ ಮೂರು ತಿಂಗಳು ಲೈಸೆನ್ಸ್ ಅಮಾನತು, ಎರಡನೇ ಸಲಕ್ಕೆ ಮೂರು ವರ್ಷ. ಇದಕ್ಕೆ ಯಾವ ಕಂಪನಿಯೂ ರಿಯಾಯಿತಿ ಕೇಳುವುದಿಲ್ಲ. ಪೈಲಟ್‌ಗಳ ಕೊರತೆಯಿದೆ, ಹಬ್ಬದ ದಟ್ಟಣೆಯಿದೆ, ಎರಡು ತಿಂಗಳ ಮಟ್ಟಿಗೆ ಸ್ವಲ್ಪ ಕುಡಿದವರನ್ನೂ ಹಾರಲು ಬಿಡಿ ಎಂದು ಯಾರಾದರೂ ಅರ್ಜಿ ಹಾಕಿದರೆ ದೇಶವೇ ಎದ್ದು ನಿಲ್ಲುತ್ತದೆ. ಅದೇ ದುರ್ಬಲತೆಯನ್ನು ತರುವ ನಿದ್ದೆಗೇಡಿಗೆ ಮಾತ್ರ ಅರ್ಜಿ ಹಾಕಬಹುದು. ಹಾಕಿದ್ದಾರೆ, ಒಪ್ಪಿಗೆಯೂ ಸಿಕ್ಕಿದೆ. ಈ ಅಸಮಾನತೆಯನ್ನು ನಾವು ಸಹಜ ಎಂದು ಒಪ್ಪಿಕೊಂಡುಬಿಟ್ಟಿದ್ದೇವೆ. ಅದು ಸಹಜವಲ್ಲ.

ನಿದ್ದೆಯನ್ನು ಅಳೆಯಲು ಬರುವುದಿಲ್ಲ ಎಂಬುದು ಸಬೂಬು. ಸಂಶೋಧಕರ ಬಳಿ ಸಾಧನಗಳಿವೆ. ಕೈಗಡಿಯಾರದಂಥ ಪಟ್ಟಿಯೊಂದು ವಾರಗಟ್ಟಲೆ ಕೈಯ ಅಲುಗಾಟ ದಾಖಲಿಸಿ ಎಷ್ಟು ಹೊತ್ತು ಮಲಗಿದರು ಎಂದು ಹೇಳುತ್ತದೆ. ಇನ್ನೊಂದು, 1985ರಲ್ಲಿ ಅಮೆರಿಕದ ಡೇವಿಡ್ ಡಿಂಜೆಸ್ ಮತ್ತು ಜಾನ್ ಪೊವೆಲ್ ರೂಪಿಸಿದ ಎಚ್ಚರದ ಪರೀಕ್ಷೆ. ನೋಡಲು ಏನೂ ಅಲ್ಲ. ಎದುರಿಗೆ ಖಾಲಿ ಚೌಕ. ಎರಡರಿಂದ ಹತ್ತು ಸೆಕೆಂಡಿನ ನಡುವೆ ಯಾವಾಗಲೋ ಒಮ್ಮೆ ಅದರಲ್ಲಿ ಕೆಂಪು ಅಂಕಿ ಓಡತೊಡಗುತ್ತದೆ. ಕಂಡ ಕೂಡಲೇ ಗುಂಡಿ ಒತ್ತಬೇಕು. ಅಂಕಿ ನಿಲ್ಲುತ್ತದೆ, ಎಷ್ಟು ಮಿಲಿಸೆಕೆಂಡು ಹಿಡಿಯಿತೆಂದು ತೋರಿಸುತ್ತದೆ. ಹತ್ತು ನಿಮಿಷ ಇಷ್ಟೇ ಕೆಲಸ. ಚೆನ್ನಾಗಿ ನಿದ್ದೆಯಾದವರು ಸೆಕೆಂಡಿನ ಕಾಲು ಭಾಗದಲ್ಲಿ ಒತ್ತುತ್ತಾರೆ. ನಿದ್ದೆಗೆಟ್ಟವರು ಬಹುಪಾಲು ಸಲ ಸರಿಯಾಗಿಯೇ ಒತ್ತುತ್ತಾರೆ, ಮಧ್ಯೆ ಒಮ್ಮೊಮ್ಮೆ ಮಾತ್ರ ಅರ್ಧ ಸೆಕೆಂಡು, ಒಂದು ಸೆಕೆಂಡು, ಇನ್ನೂ ಹೆಚ್ಚು ಹೊತ್ತು ಕಳೆದುಹೋಗುತ್ತಾರೆ. ಕಳೆದುಹೋದದ್ದು ಅವರಿಗೇ ಗೊತ್ತಾಗುವುದಿಲ್ಲ. ಇಳಿಯುವ ಬೋಯಿಂಗ್ 737 ಸೆಕೆಂಡಿಗೆ ಸುಮಾರು 70 ಮೀಟರ್ ಸಾಗುತ್ತಿರುತ್ತದೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ನಾಸಾದ ಏಮ್ಸ್ ಕೇಂದ್ರ 1980ರಲ್ಲೇ ಪೈಲಟ್‌ಗಳ ದಣಿವಿನ ಅಧ್ಯಯನಕ್ಕೆ ಪ್ರತ್ಯೇಕ ಕಾರ್ಯಕ್ರಮ ಆರಂಭಿಸಿತು. ಅವರ ಹೆಸರಾಂತ ಪ್ರಯೋಗವೊಂದರಲ್ಲಿ ಶಾಂತಸಾಗರ ದಾಟುವ ವಿಮಾನಗಳ ಪೈಲಟ್‌ಗಳಿಗೆ, ಸರದಿಯ ಮೇಲೆ, ತಮ್ಮ ಸೀಟಿನಲ್ಲೇ 40 ನಿಮಿಷ ಮಲಗಲು ಅವಕಾಶ ಕೊಟ್ಟರು. ಸರಾಸರಿ 26 ನಿಮಿಷ ನಿದ್ದೆ ಬಂತು. ಅಷ್ಟರಿಂದಲೇ ಕೆಲಸದ ಸಾಮರ್ಥ್ಯ ಶೇ 34ರಷ್ಟು, ಎಚ್ಚರ ಶೇ 54ರಷ್ಟು ಸುಧಾರಿಸಿತು. ಮಲಗಲು ಬಿಡದ ಗುಂಪಿನವರು ಹಾರಾಟದ ಕೊನೆಯ ಹಂತದಲ್ಲಿ, ಕೆಳಗಿಳಿಯುವಾಗಲೂ, ಕ್ಷಣಕಾಲದ ಜೋಂಪಿಗೆ ಜಾರುತ್ತಿದ್ದರು. ಇದನ್ನು ಆಧರಿಸಿ ಹಲವು ದೇಶಗಳು ಕಾಕ್‌ಪಿಟ್‌ನಲ್ಲಿ ನಿಯಂತ್ರಿತ ವಿಶ್ರಾಂತಿಗೆ ಅನುಮತಿ ಕೊಟ್ಟಿವೆ: ಒಬ್ಬರು ಪೂರ್ಣ ಎಚ್ಚರವಿರಬೇಕು, ಗಗನಸಖಿಯರಿಗೆ ತಿಳಿಸಿರಬೇಕು, ನಿದ್ದೆ ಚಿಕ್ಕದಿರಬೇಕು, ಕೆಳಗಿಳಿಯುವುದಕ್ಕೆ ಸಾಕಷ್ಟು ಮೊದಲೇ ಎಬ್ಬಿಸಬೇಕು. ಮಂಗಳೂರಿನ ವಿಮಾನದ ಒಂದು ಗಂಟೆ ನಲವತ್ತು ನಿಮಿಷದ ನಿದ್ದೆಗೆ ಇದ್ಯಾವುದೂ ಅನ್ವಯಿಸುವುದಿಲ್ಲ. ಸ್ವಾರಸ್ಯವೆಂದರೆ, ಪ್ರಯೋಗ ನಡೆದ ಅಮೆರಿಕದ ವಿಮಾನಯಾನ ಇಲಾಖೆ ತನ್ನ ಪೈಲಟ್‌ಗಳಿಗೆ ಮಾತ್ರ ಸೀಟಿನ ನಿದ್ದೆಯನ್ನು ಇನ್ನೂ ಒಪ್ಪಿಲ್ಲ.

ಬೆಂಗಳೂರಿನ ವಿಮಾನಪುರದಲ್ಲಿ

ಈ ವಿಜ್ಞಾನ ದೂರದ ದೇಶದ್ದೇ ಎಂದುಕೊಳ್ಳಬೇಕಾಗಿಲ್ಲ. ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ವಿಮಾನಪುರದಲ್ಲಿ ವಾಯುಪಡೆಯ ಅಂತರಿಕ್ಷ ವೈದ್ಯಕೀಯ ಸಂಸ್ಥೆ 1957ರಿಂದ ಕೆಲಸ ಮಾಡುತ್ತಿದೆ. ಯುದ್ಧವಿಮಾನ ಚಾಲಕರ ಮೇಲೆ ಬೀಳುವ ಗುರುತ್ವದ ಒತ್ತಡವನ್ನು ನೆಲದ ಮೇಲೇ ಸೃಷ್ಟಿಸುವ ದೈತ್ಯ ತಿರುಗುಯಂತ್ರ ಅಲ್ಲಿದೆ. ರಾಕೇಶ್ ಶರ್ಮ ಅವರಿಂದ ಗಗನಯಾನದ ಗಗನಯಾತ್ರಿಗಳವರೆಗೆ ಅಭ್ಯರ್ಥಿಗಳ ದೇಹ ಪರೀಕ್ಷೆ ನಡೆದದ್ದು ಅಲ್ಲೇ. ನಾಗರಿಕ ಪೈಲಟ್ ಆಗಬೇಕೆಂಬ ಎಷ್ಟೋ ಯುವಕ ಯುವತಿಯರಿಗೂ ಆ ವಿಳಾಸ ಗೊತ್ತು. ಕಣ್ಣು, ಕಿವಿ, ಹೃದಯ, ರಕ್ತ ಎಲ್ಲ ನೋಡಿಸಿಕೊಂಡು ಒಂದನೇ ದರ್ಜೆಯ ವೈದ್ಯಕೀಯ ಪ್ರಮಾಣಪತ್ರಕ್ಕಾಗಿ ಅಲ್ಲಿಗೆ ಹೋಗಿ ಬಂದವರು ಕರ್ನಾಟಕದಲ್ಲಿ ಬೇಕಾದಷ್ಟಿದ್ದಾರೆ. ದಣಿವು, ನಿದ್ದೆ, ರಾತ್ರಿಪಾಳಿಯ ಹಾರಾಟದ ಬಗ್ಗೆಯೂ ಅಲ್ಲಿನ ವೈದ್ಯರು ಅಧ್ಯಯನ ಮಾಡಿದ್ದಾರೆ, ಅಂತರಿಕ್ಷ ವೈದ್ಯಕೀಯಕ್ಕೆಂದೇ ಇರುವ ಭಾರತೀಯ ಪತ್ರಿಕೆಯಲ್ಲಿ ಬರೆದಿದ್ದಾರೆ.

ಆದರೆ ವೈದ್ಯಕೀಯ ಪ್ರಮಾಣಪತ್ರಕ್ಕೆ ಒಂದು ಮಿತಿ ಇದೆ. ಅದು ಸಾಮಾನ್ಯವಾಗಿ ವರ್ಷಕ್ಕೊಮ್ಮೆ, ಅರವತ್ತು ದಾಟಿದವರಿಗೆ ಆರು ತಿಂಗಳಿಗೊಮ್ಮೆ ಕೊಡುವ ಸಾಕ್ಷಿ. ಹೃದಯ ಸರಿಯಿದೆ, ಸಕ್ಕರೆ ಹತೋಟಿಯಲ್ಲಿದೆ ಎಂದು ಅದು ಹೇಳಬಲ್ಲದು. ಇವತ್ತು ರಾತ್ರಿ ಎರಡಕ್ಕೆ ಹೊರಡುವ ವಿಮಾನಕ್ಕೆ ಈ ಪೈಲಟ್ ತಕ್ಕವರೇ ಎಂದು ಹೇಳಲಾರದು. ಆ ಭರವಸೆ ಕೊಡಬೇಕಾದವರು ಇಬ್ಬರು: ಡ್ಯೂಟಿ ಪಟ್ಟಿ ಹಾಕುವ ಕಂಪನಿ, ಆ ಪಟ್ಟಿಯ ನಿಯಮಕ್ಕೆ ಒಪ್ಪಿಗೆ ಕೊಡುವ ಡಿಜಿಸಿಎ.

ಒಪ್ಪಿಗೆ ಎಂಬುದರ ಒಳಗೇನಿದೆ

ಒಂದು ವಿಮಾನಯಾನ ಕಂಪನಿ ಟಿಕೆಟ್ ಮಾರುವ ಮೊದಲು ಡಿಜಿಸಿಎಯಿಂದ ಏರ್ ಆಪರೇಟರ್ ಸರ್ಟಿಫಿಕೇಟ್ ಪಡೆಯಬೇಕು. ವಿಮಾನ, ರಿಪೇರಿ ವ್ಯವಸ್ಥೆ, ತರಬೇತಿ, ಕೈಪಿಡಿಗಳು, ಇವನ್ನೆಲ್ಲ ಹಂತ ಹಂತವಾಗಿ ತೋರಿಸಿ, ಪರೀಕ್ಷಾ ಹಾರಾಟ ಮಾಡಿ ಗೆಲ್ಲಬೇಕು. ಕಾನೂನಿನ ಕಣ್ಣಿಗೆ ಹೊಣೆಗಾರನಾದ ಒಬ್ಬ ಅಧಿಕಾರಿ ಕಂಪನಿಯಲ್ಲಿ ಇರಲೇಬೇಕು. ಪೈಲಟ್‌ಗಳ ಹಾರಾಟ ಮತ್ತು ವಿಶ್ರಾಂತಿಯ ಯೋಜನೆಗೂ ಡಿಜಿಸಿಎ ಒಪ್ಪಿಗೆ ಬೇಕು. ಸರ್ಟಿಫಿಕೇಟ್ ಕೈಗೆ ಸಿಕ್ಕ ಮೇಲೂ ತಪಾಸಣೆ ಮುಗಿಯುವುದಿಲ್ಲ. ವರ್ಷವಿಡೀ ಇನ್ಸ್‌ಪೆಕ್ಟರ್‌ಗಳು ಬಂದು ದಾಖಲೆ ತೆಗೆಸಿ ನೋಡುತ್ತಾರೆ, ಕಾಕ್‌ಪಿಟ್‌ನಲ್ಲೇ ಕೂತು ಹಾರುತ್ತಾರೆ.

ಹಾಗೆ ನೋಡುವವರನ್ನು ನೋಡುವವರೂ ಇದ್ದಾರೆ. ವಿಶ್ವಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 1999ರಿಂದ ಪ್ರತಿ ದೇಶದ ನಿಗಾ ವ್ಯವಸ್ಥೆಯನ್ನೇ ಪರೀಕ್ಷಿಸುತ್ತ ಬಂದಿದೆ. ಅಮೆರಿಕ ತನ್ನದೇ ಲೆಕ್ಕ ಇಟ್ಟಿದೆ. 2014ರ ಜನವರಿ ಕೊನೆಗೆ ಅದು ಭಾರತವನ್ನು ಎರಡನೇ ದರ್ಜೆಗೆ ಇಳಿಸಿತು. ನಮ್ಮ ವಿಮಾನಗಳು ಕೆಟ್ಟವು ಎಂಬ ಕಾರಣಕ್ಕಲ್ಲ. ಅವುಗಳ ಮೇಲೆ ಕಣ್ಣಿಡಬೇಕಾದ ಪೂರ್ಣಾವಧಿ ಇನ್ಸ್‌ಪೆಕ್ಟರ್‌ಗಳೇ ಡಿಜಿಸಿಎಯಲ್ಲಿ ಸಾಲದು ಎಂಬುದು ಮುಖ್ಯ ದೂರುಗಳಲ್ಲಿ ಒಂದಾಗಿತ್ತು. ನೇಮಕಾತಿ ನಡೆಯಿತು, 2015ರ ಏಪ್ರಿಲ್‌ನಲ್ಲಿ ದರ್ಜೆ ಮರಳಿತು. ಮನಸ್ಸು ಮಾಡಿದರೆ ಸುಮಾರು ಹದಿನಾಲ್ಕು ತಿಂಗಳಲ್ಲಿ ಸರಿಪಡಿಸಲು ನಮಗೆ ಬರುತ್ತದೆ ಎಂಬುದಕ್ಕೆ ಇದು ಪುರಾವೆ.

ನಿದ್ದೆಯ ನಿಯಮದ ವಿಷಯದಲ್ಲಿ ಮಾತ್ರ ಆ ಮನಸ್ಸು ಕಾಣುವುದಿಲ್ಲ. ಚರಿತ್ರೆ ನೋಡಿ. ಪೈಲಟ್‌ಗಳ ಡ್ಯೂಟಿ ಅವಧಿಯ ಬಗ್ಗೆ 1992ರ ಸುತ್ತೋಲೆಯೊಂದಿತ್ತು. ಅದು ಹಳತಾಯಿತೆಂದು 2007ರ ಜುಲೈನಲ್ಲಿ ಡಿಜಿಸಿಎ ಹೊಸ, ಬಿಗಿಯಾದ ನಿಯಮ ಹೊರಡಿಸಿತು. ಕಂಪನಿಗಳು ಆಕ್ಷೇಪಿಸಿದವು. 2008ರ ಮೇನಲ್ಲಿ ಹೊಸ ನಿಯಮವನ್ನು ತಡೆಹಿಡಿದು 1992ರದ್ದನ್ನೇ ಮತ್ತೆ ಜಾರಿಗೆ ತಂದರು. ಪೈಲಟ್ ಸಂಘಗಳು ಸುಪ್ರೀಂ ಕೋರ್ಟ್‌ವರೆಗೂ ಹೋದವು. 2011ರ ಮೇನಲ್ಲಿ ಅಲ್ಲಿಯೂ ಸೋತವು. ಈ ನಡುವೆ ಮಂಗಳೂರು ನಡೆದಿತ್ತು. ಅಂದರೆ ಆ ನಸುಕಿನಲ್ಲಿ ದೇಶದ ಪೈಲಟ್‌ಗಳ ವಿಶ್ರಾಂತಿಯನ್ನು ನಿರ್ಧರಿಸುತ್ತಿದ್ದುದು, ಹಳತಾಯಿತೆಂದು ಡಿಜಿಸಿಎಯೇ ಒಮ್ಮೆ ಬದಿಗಿಟ್ಟಿದ್ದ ಹದಿನೆಂಟು ವರ್ಷದ ಹಿಂದಿನ ಸುತ್ತೋಲೆ. 2007ರ ನಿಯಮ ಜಾರಿಯಲ್ಲಿದ್ದರೆ ಆ ಅಪಘಾತ ತಪ್ಪುತ್ತಿತ್ತು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಲು ಆಧಾರವಿಲ್ಲ. ನಿಯಮವನ್ನು ಬರೆದವರೇ ಅದನ್ನು ಬೀರುವಿನಲ್ಲಿಟ್ಟ ದೇಶದಲ್ಲಿ ಆ ವಿಮಾನ ಹಾರುತ್ತಿತ್ತು ಎಂಬುದಂತೂ ನಿಜ.

2011ರ ಆಗಸ್ಟ್‌ನಲ್ಲಿ ಹೊಸ ನಿಯಮ ಬಂತು, 2019ರಲ್ಲಿ ಪರಿಷ್ಕರಣೆಯಾಯಿತು. 2024ರ ಜನವರಿ 8ರಂದು ಡಿಜಿಸಿಎ ಹೊರಡಿಸಿದ ನಿಯಮ ಇವೆಲ್ಲಕ್ಕಿಂತ ವಿಜ್ಞಾನಕ್ಕೆ ಹತ್ತಿರವಾದದ್ದು. ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿತು. ರಾತ್ರಿ ಎಂದರೆ ಹನ್ನೆರಡರಿಂದ ಐದರವರೆಗೆ ಎಂದಿದ್ದದ್ದು ಆರರವರೆಗೆ ಎಂದಾಯಿತು. ಮುಂಜಾನೆಯ ಆ ಒಂದು ಗಂಟೆ ಕೊನೆಗೂ ಲೆಕ್ಕಕ್ಕೆ ಬಂತು. ರಾತ್ರಿ ಡ್ಯೂಟಿಯಲ್ಲಿ ಆರು ಲ್ಯಾಂಡಿಂಗ್‌ವರೆಗೆ ಇದ್ದ ಅವಕಾಶ ಎರಡಕ್ಕೆ ಇಳಿಯಿತು. ದಣಿವಿನ ಬಗ್ಗೆ ಪೈಲಟ್‌ಗಳು ಕೊಟ್ಟ ದೂರುಗಳನ್ನು ವಿಶ್ಲೇಷಿಸಿ, ಏನು ಕ್ರಮ ಕೈಗೊಂಡಿರಿ ಎಂದು ಮೂರು ತಿಂಗಳಿಗೊಮ್ಮೆ ವರದಿ ಕೊಡಬೇಕೆಂದು ಕಂಪನಿಗಳಿಗೆ ಹೇಳಿತು. ಜೂನ್ 1ರಿಂದ ಜಾರಿ ಎಂದೂ ಘೋಷಿಸಿತು.

ಆ ಜೂನ್ 1 ಬರಲೇ ಇಲ್ಲ. ಕಂಪನಿಗಳು ಸಮಯ ಕೇಳಿದವು, ಡಿಜಿಸಿಎ ಕೊಟ್ಟಿತು. ಪೈಲಟ್‌ಗಳು ದೆಹಲಿ ಹೈಕೋರ್ಟ್‌ಗೆ ಹೋದರು. ಕೊನೆಗೆ ಎರಡು ಕಂತಿನಲ್ಲಿ, 2025ರ ಜುಲೈ 1 ಮತ್ತು ನವೆಂಬರ್ 1ರಂದು, ಜಾರಿಯಾಗಬೇಕೆಂದು ತೀರ್ಮಾನವಾಯಿತು. ನಿಯಮ ಪ್ರಕಟವಾದ ದಿನದಿಂದ ಎರಡನೇ ಕಂತಿನವರೆಗೆ ಸುಮಾರು 22 ತಿಂಗಳು. ಪೈಲಟ್‌ಗಳನ್ನು ನೇಮಿಸಲು, ತರಬೇತಿ ಕೊಡಲು, ವೇಳಾಪಟ್ಟಿ ಹಗುರ ಮಾಡಲು ಅಷ್ಟು ಕಾಲ ಇತ್ತು.

ಆಮೇಲೆ ಆದದ್ದು ಎಲ್ಲರಿಗೂ ನೆನಪಿದೆ. 2025ರ ಡಿಸೆಂಬರ್ ಮೊದಲ ವಾರ ದೇಶದ ಅತಿ ದೊಡ್ಡ ಕಂಪನಿಯಾದ ಇಂಡಿಗೋದ ವಿಮಾನಗಳು ಸಾಲು ಸಾಲಾಗಿ ರದ್ದಾದವು. ಡಿಸೆಂಬರ್ 5ರಂದು ಒಂದೇ ದಿನ ಸಾವಿರಕ್ಕೂ ಹೆಚ್ಚು. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ ಜನ ನೆಲದ ಮೇಲೆ ಮಲಗಿದರು, ಸೂಟ್‌ಕೇಸ್‌ಗಳ ರಾಶಿ ಬಿತ್ತು. ಹುಬ್ಬಳ್ಳಿಯಲ್ಲಿ ತಮ್ಮದೇ ಆರತಕ್ಷತೆಗೆ ಬರಲಾಗದ ನವದಂಪತಿ ವಿಡಿಯೊ ಮೂಲಕ ನೆಂಟರಿಗೆ ಕೈಮುಗಿದರು. ಸರ್ಕಾರ ಇಕ್ಕಟ್ಟಿಗೆ ಸಿಕ್ಕಿತು. ಡಿಜಿಸಿಎ ಆ ಕಂಪನಿಗೆ ರಾತ್ರಿ ಡ್ಯೂಟಿಯ ಹೊಸ ಮಿತಿಗಳಿಂದ 2026ರ ಫೆಬ್ರುವರಿ 10ರವರೆಗೆ ವಿನಾಯಿತಿ ಕೊಟ್ಟಿತು. ವಾರದ ವಿಶ್ರಾಂತಿಗೆ ಬದಲಾಗಿ ರಜೆಯನ್ನು ಲೆಕ್ಕ ಹಾಕಬಾರದು ಎಂಬ ಷರತ್ತನ್ನೂ ಹಿಂತೆಗೆದುಕೊಂಡಿತು. ಜೊತೆಗೆ ಹಾರಾಟವನ್ನು ಶೇ 10ರಷ್ಟು ಕಡಿತಗೊಳಿಸುವಂತೆ ಕಂಪನಿಗೆ ಸರ್ಕಾರ ಸೂಚಿಸಿತು.

ನಿಲ್ದಾಣದಲ್ಲಿ ಸಿಕ್ಕಿಬಿದ್ದ ಪ್ರಯಾಣಿಕರ ಕಷ್ಟ ಸಣ್ಣದಲ್ಲ. ಅವರಲ್ಲಿ ರೋಗಿಗಳಿದ್ದರು, ಪರೀಕ್ಷೆಗೆ ಹೊರಟ ಮಕ್ಕಳಿದ್ದರು, ಸಾವಿನ ಮನೆಗೆ ಹೊರಟವರಿದ್ದರು. ಅವರಿಗೆ ದಾರಿ ಮಾಡಿಕೊಡಬೇಕಾದದ್ದು ಸರ್ಕಾರದ ಕರ್ತವ್ಯವೇ. ಆದರೆ ನಿಯಮದ ಸಡಿಲಿಕೆ, ಹಾರಾಟದ ಕಡಿತ, ಈ ಎರಡು ಕ್ರಮಗಳಲ್ಲಿ ಸರಿಯಾದದ್ದು ಎರಡನೆಯದು. ಪೈಲಟ್‌ಗಳು ಇರುವಷ್ಟೇ ಹಾರಾಟ ಇರಬೇಕು; ಹಾರಾಟ ಇರುವಷ್ಟಕ್ಕೆ ಪೈಲಟ್‌ಗಳನ್ನು ಎಳೆಯಬಾರದು. ನಿಯಮಕ್ಕೆ ಸಿದ್ಧವಾಗದವರಿಗೆ ನಿಯಮವೇ ಬಾಗಿದರೆ, ಸಿದ್ಧವಾದ ಕಂಪನಿಗಳು ಪೆಟ್ಟು ತಿನ್ನುತ್ತವೆ. ಹೆಚ್ಚು ಪೈಲಟ್‌ಗಳನ್ನು ನೇಮಿಸಿಕೊಂಡದ್ದು ಅವರಿಗೆ ಖರ್ಚು, ನೇಮಿಸಿಕೊಳ್ಳದವರಿಗೆ ಉಳಿತಾಯ.

ಬೆಂಗಳೂರಿಗೆ ನೇರವಾಗಿ ತಾಗುವ ಇನ್ನೊಂದು ಪ್ರಕರಣವೂ ಇದೆ. 2025ರ ಮೇ 16 ಮತ್ತು 17ರಂದು ಬೆಂಗಳೂರಿನಿಂದ ಲಂಡನ್‌ಗೆ ಹೋದ ಏರ್ ಇಂಡಿಯಾ ವಿಮಾನಗಳು ಪೈಲಟ್‌ಗಳಿಗೆ ನಿಗದಿಯಾದ ಹತ್ತು ಗಂಟೆಯ ಹಾರಾಟ ಮಿತಿಯನ್ನು ದಾಟಿದ್ದವು. ಪಾಕಿಸ್ತಾನದ ಆಕಾಶ ಮುಚ್ಚಿದ್ದರಿಂದ ಮಾರ್ಗ ಉದ್ದವಾಗಿತ್ತು; ಅದಕ್ಕೆ ಸಿಕ್ಕಿದ್ದ ಅನುಮತಿಯನ್ನು ಅರ್ಥೈಸಿಕೊಂಡ ರೀತಿಯಲ್ಲಿ ವ್ಯತ್ಯಾಸವಾಯಿತು ಎಂಬುದು ಕಂಪನಿಯ ವಿವರಣೆ. ಡಿಜಿಸಿಎ ನೋಟಿಸ್ ಕೊಟ್ಟಿತು. ಡ್ಯೂಟಿ ಪಟ್ಟಿಯ ಲೋಪಗಳಿಗಾಗಿ ಅದೇ ಜೂನ್‌ನಲ್ಲಿ ಕಂಪನಿಯ ಮೂವರು ಅಧಿಕಾರಿಗಳನ್ನು ಆ ಕೆಲಸದಿಂದ ತೆಗೆಯಲು ಆದೇಶಿಸಿತು. ಅದಕ್ಕೂ ಹಿಂದೆ, 2024ರ ಮಾರ್ಚ್‌ನಲ್ಲಿ, ಡ್ಯೂಟಿ ಮಿತಿ ಉಲ್ಲಂಘನೆಗೆ ಅದೇ ಕಂಪನಿಗೆ 80 ಲಕ್ಷ ರೂಪಾಯಿ ದಂಡ ಬಿದ್ದಿತ್ತು. ಇಂಥ ಕ್ರಮಗಳನ್ನು ಮೆಚ್ಚಬೇಕು. ಡಿಜಿಸಿಎಗೆ ಹಲ್ಲಿಲ್ಲ ಎಂಬ ಮಾತು ಪೂರ್ತಿ ನಿಜವಲ್ಲ. ತಪ್ಪು ನಡೆದ ಮೇಲೆ ಅದು ಕಚ್ಚಬಲ್ಲದು. ತಪ್ಪು ನಡೆಯುವ ಮೊದಲು ಕಂಪನಿಗೆ ಇಲ್ಲ ಎನ್ನುವುದು ಅದಕ್ಕೆ ಕಷ್ಟವಾಗುತ್ತಿದೆ.

ಗಂಟೆಯ ಮಿತಿ ಒಂದೇ ಸಾಲದು ಎಂಬುದನ್ನು ಮಂಗಳೂರು ತೋರಿಸಿಕೊಟ್ಟಿತಲ್ಲ. ಅದಕ್ಕೆ ಜಗತ್ತು ಕಂಡುಕೊಂಡ ಉತ್ತರ ದಣಿವಿನ ಅಪಾಯ ನಿರ್ವಹಣಾ ವ್ಯವಸ್ಥೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಅದಕ್ಕೆ ಮಾನದಂಡ ರೂಪಿಸಿದ್ದು 2011ರಲ್ಲಿ. ಕಂಪನಿ ತನ್ನ ಪೈಲಟ್‌ಗಳ ನಿದ್ದೆಯ ದಿನಚರಿ, ಕೈಪಟ್ಟಿಯ ದಾಖಲೆ, ಎಚ್ಚರದ ಪರೀಕ್ಷೆಯ ಅಂಕಿ, ಪೈಲಟ್‌ಗಳೇ ಬರೆದುಕೊಟ್ಟ ದಣಿವಿನ ವರದಿ, ಇಷ್ಟನ್ನೂ ಕಲೆಹಾಕಿ ಯಾವ ಮಾರ್ಗದಲ್ಲಿ, ಯಾವ ಸರದಿಯಲ್ಲಿ ಅಪಾಯ ಹೆಚ್ಚು ಎಂದು ಕಂಡುಹಿಡಿಯಬೇಕು. ನಿಯಂತ್ರಕರು ಆ ಅಂಕಿಗಳನ್ನು ಪರೀಕ್ಷಿಸಿ ಒಪ್ಪಬೇಕು. ಭಾರತವೂ ಈ ದಾರಿಗೆ ಬರುವುದಾಗಿ 2024ರಲ್ಲೇ ಹೇಳಿದೆ. ಒಳ್ಳೆಯದೇ. ಆದರೆ ಈ ವ್ಯವಸ್ಥೆಯ ಜೀವ ಇರುವುದು ಪೈಲಟ್‌ನ ಬಾಯಲ್ಲಿ. ‘ಇವತ್ತು ನನಗೆ ಆಗುವುದಿಲ್ಲ, ನಿದ್ದೆಯಾಗಿಲ್ಲ’ ಎಂದು ಫೋನ್ ಮಾಡಿದವರಿಗೆ ಮರುದಿನ ಕಾರಣ ಕೇಳುವ ಪತ್ರ ಹೋದರೆ, ಮುಂದಿನ ಸಲ ಅವರು ಸುಮ್ಮನೆ ಸಮವಸ್ತ್ರ ಹಾಕಿಕೊಂಡು ಹೊರಡುತ್ತಾರೆ. ಆಗ ಕಂಪ್ಯೂಟರಿನಲ್ಲಿ ಎಷ್ಟೇ ಚಂದದ ನಕ್ಷೆ ಬಂದರೂ ಅದು ಸುಳ್ಳು.

ದಣಿವು ಅಪಘಾತ ಮಾಡಿಸುತ್ತದೆ ಎಂಬುದನ್ನು ಒಪ್ಪಿಕೊಳ್ಳಲು ಜಗತ್ತಿಗೂ ಕಾಲ ಹಿಡಿಯಿತು. 1993ರ ಆಗಸ್ಟ್‌ನಲ್ಲಿ ಕ್ಯೂಬಾದ ಗ್ವಾಂಟನಾಮೊದಲ್ಲಿ ಸರಕು ವಿಮಾನವೊಂದು ರನ್‌ವೇ ಮುಟ್ಟುವ ಮೊದಲೇ ಬಿತ್ತು. ಮೂವರು ಸಿಬ್ಬಂದಿ ಬದುಕುಳಿದರು. ಅಮೆರಿಕದ ತನಿಖಾ ಮಂಡಳಿ ದಣಿವನ್ನು ಸಂಭಾವ್ಯ ಕಾರಣದ ಸಾಲಿಗೆ ಸೇರಿಸಿದ್ದು ಆಗಲೇ ಮೊದಲು. 2009ರಲ್ಲಿ ಬಫೆಲೊ ಬಳಿ 50 ಜನ ಸತ್ತ ಅಪಘಾತದ ನಂತರ ಸತ್ತವರ ಮನೆಯವರು ವಾಷಿಂಗ್ಟನ್‌ಗೆ ಹೋಗಿ ಕೂತರು, ಸಂಸದರ ಬಾಗಿಲು ತಟ್ಟಿದರು. ಅಮೆರಿಕದ ಹೊಸ ವಿಶ್ರಾಂತಿ ನಿಯಮ 2014ರಲ್ಲಿ ಜಾರಿಗೆ ಬಂದದ್ದು ಆ ಒತ್ತಡದಿಂದ. ನಮ್ಮಲ್ಲಿ ಈ ಹೋರಾಟವನ್ನು ಪೈಲಟ್ ಸಂಘಗಳಿಗೆ ಬಿಟ್ಟು ನಾವು ದೂರ ಕೂತಿದ್ದೇವೆ. ಅದು ಸಂಬಳ, ರಜೆಯ ಜಗಳ ಎಂದು ಭಾವಿಸಿದ್ದೇವೆ. ಗಲ್ಫ್‌ನಿಂದ ರಾತ್ರಿ ಹೊರಟು ನಸುಕಿಗೆ ಮಂಗಳೂರಿಗೋ ಬೆಂಗಳೂರಿಗೋ ಬರುವ ಪ್ರತಿ ಕನ್ನಡಿಗನ ಜೀವದ ಪ್ರಶ್ನೆ ಅದು.

ಆದ್ದರಿಂದ ಕೇಳಬೇಕಾದದ್ದು ಹೆಚ್ಚೇನಿಲ್ಲ. ಡ್ಯೂಟಿ ಮಿತಿಯಿಂದ ಯಾವ ಕಂಪನಿಗೆ ವಿನಾಯಿತಿ ಕೊಟ್ಟರೂ, ಅದಕ್ಕೆ ಮುಂಚೆ ಅಂತರಿಕ್ಷ ವೈದ್ಯರ ಲಿಖಿತ ಅಭಿಪ್ರಾಯ ಪಡೆಯಲಿ. ಆ ಅಭಿಪ್ರಾಯವನ್ನು ಆದೇಶದ ಜೊತೆಗೇ ಪ್ರಕಟಿಸಲಿ. ಕಂಪನಿಗಳು ಮೂರು ತಿಂಗಳಿಗೊಮ್ಮೆ ಕೊಡುವ ದಣಿವಿನ ವರದಿಗಳ ಸಾರಾಂಶ, ಪೈಲಟ್‌ಗಳ ಹೆಸರು ತೆಗೆದು, ಜನರ ಕೈಗೆ ಸಿಗಲಿ. ವಿಮಾನ ತಡವಾದಾಗ, ರದ್ದಾದಾಗ ನಾವು ಸಂಸದರಿಗೆ ದೂರು ಕೊಡುತ್ತೇವೆ, ಜಾಲತಾಣದಲ್ಲಿ ಸಚಿವರನ್ನು ಕೂಗಿ ಕರೆಯುತ್ತೇವೆ. ಮುಂದಿನ ಸಲ ಅದೇ ದನಿಯಲ್ಲಿ ಈ ಮೂರನ್ನೂ ಕೇಳೋಣ.